ನಾಲ್ಕು ಹೂವಿನ ಮಾಲೆ: ಗಣಿತಜ್ಞ ಮಹಾವೀರಾಚಾರ್ಯರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು, ನೀವು ಕಂಪ್ಯೂಟರಿನವರಲ್ಲವಾ, ಅದರ ಬಗ್ಗೆಯೇ ಬರೆದುಕೊಡಿ ಎಂದು ಸಮಿತಿಯವರು ಫೋನು ಮಾಡಿದ್ದರು. ಕಂಪ್ಯೂಟರಿನ ವಿಷಯ ಇವತ್ತು ಬರೆದರೆ ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ಹಳತಾಗಿರುತ್ತದೆ. ಹಾಗಾಗಿ ಹಳತಾಗುವ ಭಯವೇ ಇಲ್ಲದ, ಸುಮಾರು ಕ್ರಿ.ಶ. 850ರಲ್ಲಿದ್ದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ಮಹಾವೀರಾಚಾರ್ಯ. ಕನ್ನಡ ನಾಡಿನ ಗಣಿತಜ್ಞರು. ಅವರ ಪರಿಚಯ ನನಗೆ ಆದದ್ದು ಈ ಶಾಲೆಯಲ್ಲಿ ಕಳೆದ 150 ರೂಪಾಯಿಯ ದೆಸೆಯಿಂದ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನಾನು 2006ರಲ್ಲಿ ಇಲ್ಲಿ ಎಸೆಸೆಲ್ಸಿ ಮುಗಿಸಿದವನು. ಆ ವರ್ಷ ಶಾಲಾ ಪ್ರವಾಸಕ್ಕೆಂದು ಅಪ್ಪಯ್ಯ ಕೊಟ್ಟ 150 ರೂಪಾಯಿ ಕಿಸೆಯಲ್ಲಿತ್ತು. ಊರಿನಲ್ಲಿ ಗೆಂಡಸೇವೆಯ ರಾತ್ರಿ, ಒಂದು ಬದಿಯಲ್ಲಿ ಆಟ ನಡೆಯುತ್ತಿತ್ತು, ಅದರ ಹಿಂದಿನ ಕತ್ತಲೆಯಲ್ಲಿ ಗ್ಯಾಸ್‌ಲೈಟ್ ಇಟ್ಟುಕೊಂಡು ಗರಗರ ಮಂಡಲ. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹಾಸಿನ ಮೇಲೆ ಆರು ಚಿತ್ರ, ಡಬ್ಬಿಯೊಳಗೆ ಅದೇ ಆರು ಚಿತ್ರಗಳಿರುವ ಮೂರು ದಾಳ. ನೀವು ದುಡ್ಡಿಟ್ಟ ಚಿತ್ರ ಒಂದು ದಾಳದಲ್ಲಿ ಬಿದ್ದರೆ ಇಟ್ಟಷ್ಟು ಲಾಭ, ಎರಡರಲ್ಲಿ ಬಿದ್ದರೆ ಎರಡು ಪಾಲು, ಮೂರರಲ್ಲೂ ಬಿದ್ದರೆ ಮೂರು ಪಾಲು. ನಾನು ಗಣಿತದಲ್ಲಿ ಹುಷಾರಿದ್ದ ಹುಡುಗ. ಒಂದು ದಾಳದಲ್ಲಿ ನನ್ನ ಚಿತ್ರ ಬೀಳುವುದು ಆರರಲ್ಲಿ ಒಂದು ಪಾಲು, ಮೂರು ದಾಳ ಇದ್ದರೆ ಆರರಲ್ಲಿ ಮೂರು, ಅಂದರೆ ಅರ್ಧಕ್ಕರ್ಧ. ಮೇಲಿಂದ ಎರಡು ಪಾಲು ಮೂರು ಪಾಲಿನ ಲಾಭ ಬೇರೆ. ಹೀಗೆ ಲೆಕ್ಕ ಹಾಕಿ ಕೂತೆ. ಬೆಳಗಿನ ಜಾವ ಎದ್ದಾಗ ಕಿಸೆ ಖಾಲಿ.

ಪ್ರವಾಸದ ಹಣ ಎಲ್ಲಿ ಎಂದು ಗಣಿತದ ಮಾಸ್ಟ್ರು ಮೂರು ದಿನ ಕೇಳಿದರು. ನಾಲ್ಕನೆಯ ದಿನ ಬಾಯಿ ಬಿಟ್ಟೆ. ಬೆತ್ತ ಬೀಳುತ್ತದೆ ಎಂದುಕೊಂಡಿದ್ದೆ, ಅವರು ಸೀಮೆಸುಣ್ಣ ಕೈಗೆ ಕೊಟ್ಟರು. ಮೂರರ ಬದಲು ಆರು ದಾಳ ಇದ್ದಿದ್ದರೆ ನಿನ್ನ ಲೆಕ್ಕದಲ್ಲಿ ಎಷ್ಟಾಗುತ್ತಿತ್ತು ಎಂದು ಕೇಳಿದರು. ಆರರಲ್ಲಿ ಆರು, ಅಂದರೆ ಪ್ರತಿಸಲವೂ ಗೆಲುವು ಖಂಡಿತ. ಆರು ದಾಳ ಎಸೆದರೆ ಆರೂ ಚಿತ್ರ ಬಿದ್ದೇ ಬೀಳುತ್ತವೆಯೇ? ಇಲ್ಲ ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಅಲ್ಲಿಗೆ ನನ್ನ ಕೂಡಿಸುವ ವಿಧಾನವೇ ತಪ್ಪು ಎಂದಾಯಿತು. ಆಮೇಲೆ ಅವರು ಸೋಲನ್ನು ಎಣಿಸು ಎಂದರು. ಮೂರು ದಾಳ ಬೀಳುವ ರೀತಿಗಳು 6×6×6, ಒಟ್ಟು 216. ನನ್ನ ಚಿತ್ರ ಒಂದರಲ್ಲೂ ಬೀಳದ ರೀತಿಗಳು 5×5×5, ಅಂದರೆ 125. ಗೆಲ್ಲುವುದು ಉಳಿದ 91 ಮಾತ್ರ. ಎರಡು ಪಾಲು ಮೂರು ಪಾಲಿನ ಆಸೆಯನ್ನೂ ಬಿಡಿಸಿ ತೋರಿಸಿದರು: 75 ಸಲ ಒಂದು ಪಾಲು, 15 ಸಲ ಎರಡು, 1 ಸಲ ಮೂರು, ಒಟ್ಟು ಬರುವುದು 108, ಹೋಗುವುದು 125. ಒಂದೊಂದು ರೂಪಾಯಿಯಂತೆ 216 ಸಲ ಆಡಿದವನು ಸರಾಸರಿ 17 ರೂಪಾಯಿ ಡಬ್ಬಿಯವನಿಗೆ ಕೊಟ್ಟು ಬರುತ್ತಾನೆ. ಪ್ರವಾಸದ ದುಡ್ಡನ್ನು ಮಾಸ್ಟ್ರೇ ಹಾಕಿದರು, ಅಪ್ಪಯ್ಯನಿಗೆ ಹೇಳಲಿಲ್ಲ. ಅಪ್ಪಯ್ಯ ಈ ಸಂಚಿಕೆ ಓದಿಯೇ ತಿಳಿಯಬೇಕು.

ಬಿ.ಇ. ಮುಗಿದು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಆ 150 ರೂಪಾಯಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಅವರು ಮುಟ್ಟಲಿಲ್ಲ. ಶಾಲೆಯ ಗ್ರಂಥಾಲಯಕ್ಕೆ ಕನ್ನಡದಲ್ಲಿರುವ ಒಂದು ಗಣಿತದ ಪುಸ್ತಕ ತಂದುಕೊಡು, ಗೈಡ್ ಬೇಡ ಎಂದರು. ಗೈಡ್ ಅಲ್ಲದ ಕನ್ನಡ ಗಣಿತ ಪುಸ್ತಕ ಹುಡುಕುವುದು ಸುಲಭವಲ್ಲ, ನೀವೂ ಒಮ್ಮೆ ಹುಡುಕಿ ನೋಡಿ. ವರ್ಷಗಳ ಮೇಲೆ ಬಾಳೆಬರೆ ಘಾಟಿ ಹತ್ತಿ ಹೊಂಬುಜಕ್ಕೆ ಹೋಗಿದ್ದಾಗ ಸಿಕ್ಕಿತು: ಮಹಾವೀರಾಚಾರ್ಯರ ಗಣಿತಸಾರಸಂಗ್ರಹ. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಸಂಸ್ಕೃತದಿಂದ ಕನ್ನಡಕ್ಕೆ ತಂದ, 2000ದಲ್ಲಿ ಹೊಂಬುಜದಿಂದ ಪ್ರಕಟವಾದ ದಪ್ಪ ಪುಸ್ತಕ. ಶಾಲೆಗೆ ಕೊಡುವ ಮೊದಲು ನಾನೇ ಓದಿ ಕೊಡೋಣ ಎಂದು ಇಟ್ಟುಕೊಂಡೆ.

ಮಹಾವೀರಾಚಾರ್ಯರು ದಿಗಂಬರ ಜೈನರು. ತಂದೆತಾಯಿ ಯಾರು, ಹುಟ್ಟಿದೂರು ಯಾವುದು ಎಂಬುದನ್ನು ಅವರು ಪುಸ್ತಕದಲ್ಲಿ ಬರೆದಿಡಲಿಲ್ಲ. ಬರೆದದ್ದು ತಮ್ಮ ದೊರೆಯ ಹೆಸರನ್ನು. ಮೊದಲ ಅಧ್ಯಾಯದಲ್ಲೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಅಮೋಘವರ್ಷ ಆಳಿದ್ದು ಸುಮಾರು 814ರಿಂದ 878ರವರೆಗೆ, ಅರುವತ್ತು ವರ್ಷಕ್ಕೂ ಮೇಲೆ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಅವಶೇಷ ಈಗಲೂ ಇದೆ. ಶ್ರೀವಿಜಯನ ಕವಿರಾಜಮಾರ್ಗ ಹುಟ್ಟಿದ್ದು ಅದೇ ಆಸ್ಥಾನದಲ್ಲಿ. ದೊರೆಯ ಗುರು ಜಿನಸೇನಾಚಾರ್ಯರು ಜಯಧವಲಾ ಟೀಕೆಯನ್ನು ಮುಗಿಸಿದ್ದು 837ರಲ್ಲಿ. ಆ ಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಪಕ್ಕದ ಮೂಡುಬಿದಿರೆ. ಕನ್ನಡದ ಮೊದಲ ಲಕ್ಷಣಗ್ರಂಥ ಮತ್ತು ಇಂಥ ಒಂದು ಗಣಿತ ಗ್ರಂಥ ಒಬ್ಬನೇ ದೊರೆಯ ಕಾಲದಲ್ಲಿ ಬಂದವು ಎಂಬುದನ್ನು ನಮಗೆ ಸಮಾಜ ಪಾಠದಲ್ಲಿ ಒಂದು ಸಾಲು ಸೇರಿಸಿ ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಗಣಿತಸಾರಸಂಗ್ರಹ ಒಂಬತ್ತು ಅಧ್ಯಾಯಗಳ, 1,100ಕ್ಕೂ ಹೆಚ್ಚು ಶ್ಲೋಕಗಳ ಗ್ರಂಥ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಹೇಳಿದ್ದು ಖಗೋಳದ ಪುಸ್ತಕದೊಳಗೆ. ಮಹಾವೀರಾಚಾರ್ಯರಿಗೆ ಗ್ರಹಗತಿಯ ಗೊಡವೆಯಿಲ್ಲ. ಬಡ್ಡಿ, ಚಿನ್ನದ ಬೆರಕೆ, ಗದ್ದೆಯ ಅಳತೆ, ಹಳ್ಳ ತೋಡುವ ಲೆಕ್ಕ, ನೆರಳಿನ ಉದ್ದ, ದಾರಿಯಲ್ಲಿ ಸಿಕ್ಕ ಹಣದ ಚೀಲವನ್ನು ವ್ಯಾಪಾರಿಗಳು ಹಂಚಿಕೊಳ್ಳುವುದು, ಮಾವಿನಹಣ್ಣು ಪಾಲು ಮಾಡುವುದು, ಇವೇ ಅವರ ಲೋಕ. ಹಳೆಯ ಕಾಲದ ಬಸ್ರೂರು ಪೇಟೆಯಲ್ಲಿ ಈ ಪುಸ್ತಕ ಸಿಕ್ಕಿದ್ದರೆ ಪ್ರತಿ ಮಳಿಗೆಯವನೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದನೇನೋ. ಸಂಗೀತ, ನಾಟಕ, ವೈದ್ಯ, ಅಡುಗೆ, ಮನೆ ಕಟ್ಟುವುದು, ಛಂದಸ್ಸು, ಎಲ್ಲದಕ್ಕೂ ಗಣಿತ ಬೇಕು ಎಂದು ಅವರು ಆರಂಭದಲ್ಲೇ ಪಟ್ಟಿ ಕೊಡುತ್ತಾರೆ. ಪಟ್ಟಿಯಲ್ಲಿ ಅಡುಗೆ ಇರುವುದು ನನಗೆ ಬಹಳ ಹಿಡಿಸಿತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಆರನೆಯ ಅಧ್ಯಾಯವಾದ ಮಿಶ್ರಕ ವ್ಯವಹಾರದಲ್ಲಿ, ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ರೀತಿಗಳೆಷ್ಟು ಎಂಬುದಕ್ಕೆ ಮಹಾವೀರಾಚಾರ್ಯರು ಒಂದು ನಿಯಮ ಕೊಡುತ್ತಾರೆ. ನಾವು ಹತ್ತನೆಯಲ್ಲಿ ಕ್ರಮಯೋಜನೆ ಮತ್ತು ವಿಕಲ್ಪ ಎಂದು ಓದಿದೆವಲ್ಲ, ಅದರ ವಿಕಲ್ಪ. ಒಂದರಿಂದ ಶುರು ಮಾಡಿ ವಸ್ತುಗಳ ಸಂಖ್ಯೆಯವರೆಗೆ ಒಂದು ಸಾಲಿನಲ್ಲಿ ನೇರವಾಗಿ ಬರೆಯಿರಿ, ಇನ್ನೊಂದು ಸಾಲಿನಲ್ಲಿ ತಿರುಗಾಮುರುಗಾ ಬರೆಯಿರಿ. ಆರಿಸಬೇಕಾದಷ್ಟು ಅಂಕಿಗಳನ್ನು ಎರಡೂ ಸಾಲಿನಲ್ಲಿ ಗುಣಿಸಿ, ಒಂದರಿಂದ ಇನ್ನೊಂದನ್ನು ಭಾಗಿಸಿ. ಆರರಲ್ಲಿ ಮೂರನ್ನು ಆರಿಸಬೇಕಾದರೆ 6, 5, 4ರ ಗುಣಲಬ್ಧ 120, 1, 2, 3ರ ಗುಣಲಬ್ಧ 6, ಉತ್ತರ 20. ಇವತ್ತಿನ ಪುಸ್ತಕದಲ್ಲಿರುವುದೂ ಇದೇ.

ಇಲ್ಲಿ ಒಂದು ಮಾತು. ವಾಟ್ಸಾಪಿನಲ್ಲಿ ಬರುವ ಹಾಗೆ ಎಲ್ಲವನ್ನೂ ನಾವೇ ಮೊದಲು ಕಂಡುಹಿಡಿದೆವು ಎಂದು ನಾನು ಹೇಳುತ್ತಿಲ್ಲ. ಪಿಂಗಳನ ಛಂದಶ್ಶಾಸ್ತ್ರದ ಕಾಲದಿಂದ ಈ ಎಣಿಕೆ ಬೆಳೆಯುತ್ತಾ ಬಂದಿತ್ತು, ಸುಶ್ರುತ ಸಂಹಿತೆಯಲ್ಲಿ ರಸಗಳ 63 ಬೆರಕೆಗಳ ಲೆಕ್ಕ ಇದೆ. ಹಿಂದಿನವರ ಜ್ಞಾನಸಾಗರದಿಂದ ತಾನು ಸ್ವಲ್ಪ ಆರಿಸಿಕೊಂಡೆ ಎಂದು ಮಹಾವೀರಾಚಾರ್ಯರೇ ಒಪ್ಪಿಕೊಳ್ಳುತ್ತಾರೆ, ಪುಸ್ತಕದ ಹೆಸರೇ ಸಾರಸಂಗ್ರಹ. ಆದರೆ ಎಷ್ಟೇ ವಸ್ತುವಿದ್ದರೂ ಎಷ್ಟೇ ಆರಿಸಿದರೂ ನಡೆಯುವ ಹಾಗೆ ನಿಯಮವನ್ನು ಇಷ್ಟು ಬಿಡಿಸಿ ಹೇಳಿದ್ದು ಅವರ ಹೆಚ್ಚುಗಾರಿಕೆ. ಯುರೋಪಿನಲ್ಲಿ ಲೆವಿ ಬೆನ್ ಗೆರ್ಶೋನ್ 1321ರಲ್ಲಿ, ಎರಿಗೋನ್ 1634ರಲ್ಲಿ ಇದನ್ನು ಬರೆದರು.

ನಿಯಮದ ಹಿಂದೆಯೇ ಮೂರು ಲೆಕ್ಕಗಳಿವೆ. ಮೊದಲನೆಯದು ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳ ಬೆರಕೆಗಳೆಷ್ಟು ಎಂಬುದು. ಒಂದೊಂದೇ ರುಚಿ 6, ಎರಡೆರಡು 15, ಮೂರು ಮೂರು 20, ನಾಲ್ಕು ನಾಲ್ಕು 15, ಐದೈದು 6, ಆರೂ ಸೇರಿ 1, ಒಟ್ಟು 63. ಎರಡನೆಯದು ವಜ್ರ, ನೀಲ, ಪಚ್ಚೆ, ಹವಳ, ಮುತ್ತುಗಳ ಒಂದೆಳೆ ಸರ, ಉತ್ತರ 31. ಮೂರನೆಯದು ಕೇದಗೆ, ಅಶೋಕ, ಸಂಪಿಗೆ, ನೀಲಿ ನೈದಿಲೆ ಎಂಬ ನಾಲ್ಕು ಹೂಗಳ ಮಾಲೆ.

ಈ ಮೂರನೆಯದರಲ್ಲಿ ನಾನು ಎಡವಿದೆ. ಪಿಯುಸಿಯಲ್ಲಿ ಕಲಿತದ್ದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಮಾಲೆ ಎಂಬ ಶಬ್ದ ಕಂಡರೆ ವೃತ್ತದ ಕ್ರಮಯೋಜನೆ, ಅಂದರೆ ಒಂದು ಹೂವನ್ನು ಹಿಡಿದಿಟ್ಟು ಉಳಿದದ್ದನ್ನು ಜೋಡಿಸು, ತಿರುಗಿಸಿದರೆ ಅದೇ ಮಾಲೆಯಾದ್ದರಿಂದ ಎರಡರಿಂದ ಭಾಗಿಸು. ನಾಲ್ಕು ಹೂವಿಗೆ 3 ಬಂತು. ಮಹಾವೀರಾಚಾರ್ಯರ ನಿಯಮದಂತೆ ಉತ್ತರ 15. ಅನುವಾದದಲ್ಲೇ ತಪ್ಪಿರಬೇಕು ಎಂದುಕೊಂಡೆ. ಇಂಜಿನಿಯರುಗಳಿಗೆ ಮೊದಲು ಬರುವ ಯೋಚನೆಯೇ ಅದು.

ಊರಿಗೆ ಬಂದಾಗ ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಅಬ್ಬಲಿಗೆ ದಂಡೆ ಕಟ್ಟುತ್ತಿದ್ದರು. ನಾಲ್ಕು ಬಗೆಯ ಹೂವಿದ್ದರೆ ಎಷ್ಟು ತರದ ದಂಡೆ ಆಗುತ್ತದೆ ಎಂದು ಕೇಳಿದೆ. ಬರೀ ಅಬ್ಬಲಿಗೆಯದ್ದು, ಬರೀ ಮಲ್ಲಿಗೆಯದ್ದು, ಅಬ್ಬಲಿಗೆಗೆ ನಡುನಡುವೆ ಮಲ್ಲಿಗೆ ಹಾಕಿದ್ದು, ಅದಕ್ಕೆ ಪಚ್ಚೆತೆನೆ ಸೇರಿಸಿದ್ದು ಎಂದು ಅವರು ಬೆರಳು ಮಡಿಸುತ್ತಾ ಹೋದರು. ಯಾವ ಹೂ ಪಕ್ಕ ಯಾವ ಹೂ ಎಂಬುದನ್ನು ಅವರು ಎಣಿಸಲೇ ಇಲ್ಲ. ದಂಡೆ ಕೊಳ್ಳುವವರು ಕೇಳುವುದೂ ಹಾಗೆಯೇ, ಯಾವ ಯಾವ ಹೂ ಹಾಕಿದ್ದೀರಿ ಎಂದು. ಮಹಾವೀರಾಚಾರ್ಯರು ಕೇಳಿದ್ದು ಅಮ್ಮನ ಪ್ರಶ್ನೆಯನ್ನು. ನಾನು ಉತ್ತರಿಸಿದ್ದು ಪಿಯುಸಿ ಪುಸ್ತಕದ ಪ್ರಶ್ನೆಗೆ. ಒಂದೊಂದು ಹೂವೂ ದಂಡೆಯಲ್ಲಿ ಇರಬಹುದು ಅಥವಾ ಇಲ್ಲದಿರಬಹುದು, ಎರಡೇ ದಾರಿ. ನಾಲ್ಕು ಹೂವಿಗೆ 2×2×2×2, ಅಂದರೆ 16. ಯಾವ ಹೂವೂ ಇಲ್ಲದ ಬರೀ ನಾರನ್ನು ಬಿಟ್ಟರೆ 15. ಬೇರೆ ದಾರಿಯಲ್ಲಿ ಹೋದರೂ ಅದೇ ಉತ್ತರ ಬಂದಾಗಲೇ ನನಗೆ ಸಮಾಧಾನವಾದದ್ದು.

ಅನಂತರ ಭಾಸ್ಕರಾಚಾರ್ಯರ ಲೀಲಾವತಿ ನೋಡಿದೆ. 1150ರ ಆ ಪುಸ್ತಕದಲ್ಲಿ ವಿಷ್ಣುವಿನ ನಾಲ್ಕು ಕೈಗೆ ಶಂಖ, ಚಕ್ರ, ಗದೆ, ಪದ್ಮಗಳನ್ನು ಎಷ್ಟು ರೀತಿಯಲ್ಲಿ ಕೊಡಬಹುದು ಎಂಬ ಲೆಕ್ಕ ಇದೆ; ಉತ್ತರ 24. ಇಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ, ಯಾವ ಕೈಯಲ್ಲಿ ಯಾವುದು ಎಂಬುದೇ ಮುಖ್ಯ. ನೋಡಿ, ವಸ್ತುಗಳು ನಾಲ್ಕೇ. ಆರಿಸುವ ಪ್ರಶ್ನೆಗೆ 15, ಕೈಗೆ ಹಂಚುವ ಪ್ರಶ್ನೆಗೆ 24, ವೃತ್ತದಲ್ಲಿ ಕಟ್ಟುವ ಪ್ರಶ್ನೆಗೆ 3. ಮೂರು ಉತ್ತರವೂ ಸರಿ. ಈಗಿನ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಸೂತ್ರ ನೆನಪು ಮಾಡಿಕೊಳ್ಳುವ ಮೊದಲು ಎರಡು ಉದಾಹರಣೆ ಕೈಯಲ್ಲಿ ಬರೆದು, ಇವೆರಡು ಬೇರೆಯೋ ಒಂದೆಯೋ ಎಂದು ನೋಡಿ. ಅಬ್ಬಲಿಗೆ–ಮಲ್ಲಿಗೆ ಮತ್ತು ಮಲ್ಲಿಗೆ–ಅಬ್ಬಲಿಗೆ ಬೇರೆ ಎನಿಸಿದರೆ ಒಂದು ದಾರಿ, ಒಂದೇ ಎನಿಸಿದರೆ ಇನ್ನೊಂದು.

ಸಾಲು ಮುಖ್ಯವಾಗುವ ಕಡೆ ಮಹಾವೀರಾಚಾರ್ಯರಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಎರಡನೆಯ ಅಧ್ಯಾಯದಲ್ಲಿ ಅಂಕಿಗಳ ಕಂಠೀಹಾರಗಳನ್ನು ಪೋಣಿಸುತ್ತಾರೆ. 142857143ನ್ನು 7ರಿಂದ ಗುಣಿಸಿದರೆ 1000000001, ಯಾವ ತುದಿಯಿಂದ ಓದಿದರೂ ಒಂದೇ. ಅದು ರಾಜರ ಕೊರಳಿಗೆ ತಕ್ಕ ಹಾರವಂತೆ.

ನಮ್ಮ ಊರಿನವರಿಗೆ ಇನ್ನೂ ಹಿಡಿಸಬಹುದಾದ ಲೆಕ್ಕವೊಂದು ಅದೇ ಆರನೆಯ ಅಧ್ಯಾಯದಲ್ಲಿದೆ: ಕೋಳಿ ಅಂಕದ ಲೆಕ್ಕ. ಜೈನ ಆಚಾರ್ಯರ ಪುಸ್ತಕದಲ್ಲಿ ಕೋಳಿ ಅಂಕವೇ ಎಂದು ನಾನೂ ಎರಡು ಸಲ ಓದಿದೆ. ಮಂತ್ರ, ಔಷಧ ಬಲ್ಲ ಒಬ್ಬ ಕೋಳಿ ಕಾಳಗದ ಜಾಗಕ್ಕೆ ಬರುತ್ತಾನೆ. ಒಬ್ಬ ಕೋಳಿಯವನನ್ನು ಬದಿಗೆ ಕರೆದು, ನಿನ್ನ ಕೋಳಿ ಗೆದ್ದರೆ ಪಣದ ಹಣ ನನಗೆ, ಸೋತರೆ ಅದರ ಮೂರರಲ್ಲಿ ಎರಡು ಪಾಲು ನಾನು ನಿನಗೆ ಕೊಡುತ್ತೇನೆ ಎನ್ನುತ್ತಾನೆ. ಇನ್ನೊಬ್ಬನ ಹತ್ತಿರವೂ ಗುಟ್ಟಾಗಿ ಅದೇ ಮಾತು, ಆದರೆ ಸೋತರೆ ನಾಲ್ಕರಲ್ಲಿ ಮೂರು ಪಾಲು. ಯಾವ ಕೋಳಿ ಗೆದ್ದರೂ ಅವನಿಗೆ 12 ಹೊನ್ನು ಉಳಿಯುತ್ತದೆ. ಹಾಗಾದರೆ ಪಣ ಎಷ್ಟೆಷ್ಟು? ಉತ್ತರ 42 ಮತ್ತು 40. ಮೊದಲನೆಯದು ಗೆದ್ದರೆ 42 ಬಂದು 30 ಹೋಗುತ್ತದೆ. ಎರಡನೆಯದು ಗೆದ್ದರೆ 40 ಬಂದು 28 ಹೋಗುತ್ತದೆ. ಎರಡೂ ಸಲ ಉಳಿಯುವುದು 12.

ಕೋಳಿ ಗೆಲ್ಲುವ ಸಂಭವನೀಯತೆ ಎಷ್ಟು ಎಂದು ತಲೆಕೆಡಿಸಿಕೊಂಡರೆ ಈ ಲೆಕ್ಕ ಬಿಡಿಸಲಾಗುವುದಿಲ್ಲ. ಸಂಭವನೀಯತೆಯ ಶಾಸ್ತ್ರವಾದರೂ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಜೂಜಿನ ಲೆಕ್ಕದ ಮೇಲೆ ಬರೆದುಕೊಂಡ ಪತ್ರಗಳಿಂದ ಬೆಳೆದದ್ದು, ಮಹಾವೀರಾಚಾರ್ಯರ ಕಾಲಕ್ಕೆ ಅದಿರಲಿಲ್ಲ. ಇಲ್ಲಿ ಅದು ಬೇಕಾಗಿಯೂ ಇಲ್ಲ. ಎರಡು ಸಮೀಕರಣ ಸಾಕು. ಗರಗರ ಮಂಡಲದ ಡಬ್ಬಿಯವನಿಗಿಂತ ಒಂದು ಕೈ ಮೇಲೆ ಈ ಮಂತ್ರವಾದಿ. ಡಬ್ಬಿಯವನು ಸರಾಸರಿಯಲ್ಲಿ ಗೆಲ್ಲುತ್ತಾನೆ, ಇವನು ಪ್ರತಿ ಸಲವೂ. ಎರಡರಲ್ಲೂ ಕಿಸೆ ಖಾಲಿಯಾಗುವವರು ನಾವು.

ಮಹಾವೀರಾಚಾರ್ಯರೂ ತಪ್ಪಿದ್ದುಂಟು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸರಿಯಾಗಿ ಕಂಡವರು, ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದೂ ಬರೆದರು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ಹಣ್ಣು ಇದ್ದ ಹಾಗೇ ಇರುತ್ತದಲ್ಲ ಎಂಬ ಯೋಚನೆ ಇರಬೇಕು ಎಂದು ನನ್ನ ಊಹೆ. ಹಂಚುವ ವಿಧಾನ ನಡೆಯದ ಜಾಗದಲ್ಲಿ ಅದನ್ನೇ ಹಿಡಿದರೆ ಅವರಂಥವರ ಲೆಕ್ಕವೂ ಕೆಡುತ್ತದೆ.

ನನ್ನದಂತೂ ಕೆಟ್ಟೇ ಕೆಟ್ಟಿತು. ಇದು ನಾಲ್ಕೈದು ವರ್ಷದ ಹಿಂದಿನ ಮಾತು. ನಾನು ಕೆಲಸ ಮಾಡುತ್ತಿದ್ದ ಕಡೆ ಗಿರಾಕಿಗಳು ಅಂಗಡಿಗೆ ಬಂದು ಪಾರ್ಸೆಲ್ ಬಿಡಿಸಿಕೊಳ್ಳಲು ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಕಳುಹಿಸುವ ವ್ಯವಸ್ಥೆ ಬರೆಯಬೇಕಿತ್ತು. ನಾಲ್ಕಂಕಿಯ ಸಂಖ್ಯೆಗಳು 10,000. ಒಂದು ಅಂಗಡಿಯಲ್ಲಿ ಒಂದು ಹೊತ್ತಿಗೆ ಇರುವ ಪಾರ್ಸೆಲ್ ಹೆಚ್ಚೆಂದರೆ 100. ಒಂದೇ ಸಂಖ್ಯೆ ಇಬ್ಬರಿಗೆ ಹೋಗುವುದು ನೂರಕ್ಕೆ ಒಂದು ಸಲ ಎಂದು ಬಾಯಿಲೆಕ್ಕದಲ್ಲೇ ಹೇಳಿ ಒಪ್ಪಿಸಿಬಿಟ್ಟೆ. ವಾರದೊಳಗೆ ಒಬ್ಬರ ಔಷಧಿಯ ಪಾರ್ಸೆಲ್ ಇನ್ನೊಬ್ಬರ ಕೈಗೆ ಹೋಯಿತು. ಅವರು ಮನೆಗೆ ಹೋಗಿ ಬಿಚ್ಚಿ ನೋಡಿ ವಾಪಸು ತಂದದ್ದರಿಂದ ಉಳಿದೆವು.

ಆ ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ನಾನು ಎಣಿಸಿದ್ದು ಒಬ್ಬ ನಿರ್ದಿಷ್ಟ ಗಿರಾಕಿಯ ಸಂಖ್ಯೆ ಉಳಿದವರಲ್ಲಿ ಯಾರದ್ದಾದರೂ ಜೊತೆ ಹೊಂದುವುದನ್ನು. ಎಣಿಸಬೇಕಿದ್ದದ್ದು ನೂರು ಮಂದಿಯಲ್ಲಿ ಯಾವ ಇಬ್ಬರದ್ದಾದರೂ ಹೊಂದುವುದನ್ನು. ನೂರರಲ್ಲಿ ಇಬ್ಬರನ್ನು ಆರಿಸುವ ರೀತಿಗಳೆಷ್ಟು? ಮಹಾವೀರಾಚಾರ್ಯರ ಎರಡು ಸಾಲು ಬರೆಯಿರಿ: 100 ಮತ್ತು 99ರ ಗುಣಲಬ್ಧವನ್ನು 1 ಮತ್ತು 2ರ ಗುಣಲಬ್ಧದಿಂದ ಭಾಗಿಸಿದರೆ 4,950 ಜೋಡಿ. ಹತ್ತು ಸಾವಿರ ಸಂಖ್ಯೆಗೆ ಸುಮಾರು ಐದು ಸಾವಿರ ಜೋಡಿ! ಅವನ್ನು ಕೂಡಿಸಿ ಅರ್ಧ ಎನ್ನುವ ಹಾಗೂ ಇಲ್ಲ, ಅದು ಮೂರು ದಾಳದ ಹಳೆಯ ತಪ್ಪೇ ಆಗುತ್ತದೆ. ಮಾಸ್ಟ್ರು ಕಲಿಸಿದ ಹಾಗೆ ಉಲ್ಟಾ ಎಣಿಸಬೇಕು. ಯಾರದ್ದೂ ಹೊಂದದೆ ಇರಬೇಕಾದರೆ ಎರಡನೆಯವನಿಗೆ 9,999 ಸಂಖ್ಯೆ ಉಳಿದಿದೆ, ಮೂರನೆಯವನಿಗೆ 9,998, ಹೀಗೆ ನೂರನೆಯವನಿಗೆ 9,901. ಪ್ರತಿಯೊಂದನ್ನೂ 10,000ದಿಂದ ಭಾಗಿಸಿ ಎಲ್ಲವನ್ನೂ ಗುಣಿಸಿದರೆ ಸುಮಾರು 0.61. ಎಲ್ಲೋ ಒಂದು ಕಡೆ ಇಬ್ಬರಿಗೆ ಒಂದೇ ಸಂಖ್ಯೆ ಹೋಗುವ ಸಂಭವ ನೂರಕ್ಕೆ 39. ನಾನು ಹೇಳಿದ್ದು ನೂರಕ್ಕೆ 1.

ಮರುದಿನ ಮೇಲಿನವರ ಎದುರು ತಪ್ಪು ಒಪ್ಪಿಕೊಂಡೆ. ಸಂಖ್ಯೆ ಕೊಡುವ ಮೊದಲು ಆ ಅಂಗಡಿಯಲ್ಲಿ ಬೇರೆಯವರಿಗೆ ಅದು ಹೋಗಿದೆಯೇ ಎಂದು ನೋಡುವ ನಾಲ್ಕು ಸಾಲಿನ ಕೋಡ್ ಸೇರಿಸಿದೆ. ಸಂಜೆ ಮಾಸ್ಟ್ರಿಗೆ ಫೋನು ಮಾಡಿ ಹೇಳಿದೆ. ಅವರು ನಕ್ಕು, ಈ ಸಲ ಪ್ರವಾಸದ ದುಡ್ಡು ಯಾರು ಹಾಕಿದರು ಎಂದು ಕೇಳಿದರು.

ಪುಸ್ತಕದ ಮುಂದಿನ ಬದುಕನ್ನೂ ಹೇಳಬೇಕು, ಅದರಲ್ಲಿ ನಮ್ಮ ಜಿಲ್ಲೆಯ ಪಾಲಿದೆ. ಗಣಿತಸಾರಸಂಗ್ರಹ ದಕ್ಷಿಣದಲ್ಲಿ ನೂರಾರು ವರ್ಷ ಪಾಠದ ಪುಸ್ತಕವಾಗಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಆಮೇಲೆ ಮಹಾವೀರಾಚಾರ್ಯರ ಹೆಸರು ತಾಳೆಗರಿಗಳೊಳಗೇ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಅಲ್ಲಿನ ಸರಕಾರಿ ಹಸ್ತಪ್ರತಿ ಭಂಡಾರದಲ್ಲಿ ಸಿಕ್ಕ ಅಪೂರ್ಣ ಪ್ರತಿಗಳಿಂದ ಕೆಲಸ ಶುರು ಮಾಡಿದರು. ಕೊರತೆ ತುಂಬಲು ನೆರವಾದ ಪ್ರತಿಗಳಲ್ಲಿ ಒಂದು ಮೂಡುಬಿದಿರೆಯ ಜೈನ ಮಠದ ಕನ್ನಡ ಲಿಪಿಯ ತಾಳೆಗರಿಯಿಂದ ನಕಲು ಮಾಡಿಸಿದ್ದು. ಆಗ ಕುಂದಾಪುರವೂ ಮೂಡುಬಿದಿರೆಯೂ ಮದರಾಸು ಪ್ರಾಂತದ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದ ಮೇಲೆಯೇ ಹೊರಗಿನ ಲೋಕಕ್ಕೆ ಮಹಾವೀರಾಚಾರ್ಯರು ಯಾರೆಂದು ತಿಳಿದದ್ದು. ಬಾರಕೂರಿನ ಬಸದಿಗಳ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ, ಇಲ್ಲಿಯೂ ಯಾರೋ ಒಬ್ಬರು ಇದೇ ಎರಡು ಸಾಲು ಬರೆದು ಹುಡುಗರಿಗೆ ಲೆಕ್ಕ ಹೇಳಿಕೊಟ್ಟಿರಬಹುದು ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ನನ್ನ ಬಳಿ ಆಧಾರವಿಲ್ಲ, ಆಸೆ ಅಷ್ಟೆ.

ಕಳೆದ ಬೇಸಿಗೆ ರಜೆಯಲ್ಲಿ ಪುಸ್ತಕವನ್ನು ಶಾಲೆಗೆ ಕೊಟ್ಟೆ. ಗ್ರಂಥಾಲಯದ ಕಿಟಕಿ ಬದಿಯ ಕಪಾಟಿನಲ್ಲಿ, ಮೇಲಿನ ಅರೆಯಲ್ಲಿದೆ. ಆರನೆಯ ಅಧ್ಯಾಯದಲ್ಲಿ ಕುಂದಾಪುರ–ಬೈಂದೂರು ಬಸ್ಸಿನ ಟಿಕೇಟೊಂದನ್ನು ಗುರುತಿಗೆ ಇಟ್ಟಿದ್ದೇನೆ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ 15, 24, 3 ಎಂದು ಬರೆದಿದೆ.